ರಿಪೇರಿ ಬಿಲ್ ಓದುವುದು: ಪಾರ್ಟು, ಮಜೂರಿ, ನ್ಯಾಯವಾದ ದರ

ಕಂಪ್ಯೂಟರ್ ರಿಪೇರಿಯ ಬಿಲ್ ಕೈಗೆ ಬಂದ ಕೂಡಲೇ ಎಲ್ಲರೂ ಮೊಬೈಲ್ ತೆಗೆದು ಆ ಪಾರ್ಟಿನ ಆನ್‌ಲೈನ್ ದರ ಹುಡುಕುತ್ತೇವೆ. ಅದೂ ಬೇಕು, ಆದರೆ ಅದು ಎರಡನೇ ಪ್ರಶ್ನೆ. ಮೊದಲನೆಯದು: ಆ ಪಾರ್ಟು ನಿಜಕ್ಕೂ ಕೆಟ್ಟಿತ್ತೇ? ಚೆನ್ನಾಗಿದ್ದ ರಾಮ್ (ಕೆಲಸದ ಹೊತ್ತಿನ ನೆನಪಿನ ಕಡ್ಡಿ) ತೆಗೆದು ಹೊಸದನ್ನು ಎಷ್ಟೇ ಅಗ್ಗಕ್ಕೆ ಹಾಕಿದರೂ ಗಿರಾಕಿಗೆ ಅದು ನಷ್ಟವೇ. ದರ ತಾಳೆ ನೋಡಲು ಐದು ನಿಮಿಷ ಸಾಕು. ಕೆಟ್ಟಿತ್ತೋ ಇಲ್ಲವೋ ಎನ್ನುವುದಕ್ಕೆ ಹಳೇ ಪಾರ್ಟು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಹಾಗಾಗಿ ಮಷಿನ್ ಕೊಡುವಾಗಲೇ ಹೇಳಿಬಿಡಬೇಕು: "ಬದಲಿಸುವ ಮುಂಚೆ ಫೋನ್ ಮಾಡಿ, ಹಳೇದನ್ನು ಬಿಸಾಡಬೇಡಿ, ನಾನು ಒಯ್ಯುತ್ತೇನೆ." ಇದನ್ನು ಜಾಬ್ ಶೀಟ್ (ಮಷಿನ್ ಪಡೆದಾಗ ಅಂಗಡಿಯವರು ಕೊಡುವ ಚೀಟಿ) ಮೇಲೆ ಬರೆಸಿ. ಜೊತೆಗೆ ರಾಮ್, ಡಿಸ್ಕ್, ಬ್ಯಾಟರಿಗಳ ಸೀರಿಯಲ್ ನಂಬರಿನ ಫೋಟೋ ಇಟ್ಟುಕೊಳ್ಳಿ. ವಾರಂಟಿಯಲ್ಲಿ ಬದಲಾದ ಪಾರ್ಟು ಮಾತ್ರ ಕಂಪನಿಗೆ ವಾಪಸ್ ಹೋಗುತ್ತದೆ. ಅದನ್ನು ಕೇಳಿದರೆ ಅಂಗಡಿಯವರು ಕೊಡಲಾರರು, ಅದರಲ್ಲಿ ಮೋಸವೇನೂ ಇಲ್ಲ.

ಉಪ್ಪುಗಾಳಿಯ ಕೇಸುಗಳು

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಡಿಗೆ ಬರುವ "ಆನ್ ಆಗ್ತದೆ, ಸ್ಕ್ರೀನ್ ಬರೋದಿಲ್ಲ, ಬೀಪ್ ಹೊಡೀತದೆ" ಎಂಬ ದೂರನ್ನು ಮೊದಲು ಸಂಪರ್ಕದ ದೋಷ ಎಂದೇ ಹಿಡಿಯಬೇಕು. ರಾಮ್ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ. ಕೆಳ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳು ಹೊಳೆಯಬೇಕು. ಅವು ಮಂಕಾಗಿ, ಅಲ್ಲಲ್ಲಿ ಕಂದು ಅಥವಾ ಹಸಿರು ಚುಕ್ಕೆ ಕಂಡರೆ, ತೇವ ಮತ್ತು ಉಪ್ಪು ಸೇರಿ ಲೋಹವನ್ನು ತಿಂದಿವೆ ಎಂದರ್ಥ. ಪಟ್ಟಿಗೂ ಸ್ಲಾಟಿನ ಪಿನ್ನಿಗೂ ನಡುವೆ ಒಂದು ತೆಳು ಪದರ ಕೂತು ಸಿಗ್ನಲ್ ತಡೆಯುತ್ತದೆ. ಚಿಪ್ ಮಾತ್ರ ಚೆನ್ನಾಗಿಯೇ ಇರುತ್ತದೆ.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಇಳಿಸಿ, ರಾಮ್ ತೆಗೆಯಿರಿ. ಬಿಳಿ ರಬ್ಬರಿನಿಂದ ಪಟ್ಟಿಗಳನ್ನು ಹಗುರವಾಗಿ ಉಜ್ಜಿ, ಪುಡಿ ಕೊಡವಿ, ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ. ಸ್ಲಾಟನ್ನು ಬ್ರಷ್ಷಿನಿಂದ ಗುಡಿಸಿ, ಎರಡೂ ತುದಿಯ ಕ್ಲಿಪ್ ಟಕ್ಕೆನ್ನುವವರೆಗೆ ಕೂರಿಸಿ. ಹದಿನೈದು ನಿಮಿಷದ ಕೆಲಸ; ಇದಕ್ಕೆ ಸರ್ವಿಸ್ ಚಾರ್ಜ್ ಕೊಡಬೇಕು, ಹೊಸ ರಾಮಿನ ಬೆಲೆಯನ್ನಲ್ಲ. ಕೆಟ್ಟಿದೆ ಎಂದು ಹೇಳುವ ಮುಂಚೆ ಅದೇ ಕಡ್ಡಿಯನ್ನು ಇನ್ನೊಂದು ಸ್ಲಾಟಿನಲ್ಲೂ ಇನ್ನೊಂದು ಮಷಿನ್ನಿನಲ್ಲೂ ಹಾಕಿ ನೋಡಿರಬೇಕು. ಆ ಮಷಿನ್ ಅದೇ ತಲೆಮಾರಿನ ರಾಮಿನದಾಗಿರಬೇಕು: ಡಿಡಿಆರ್3 ಕಡ್ಡಿ ಡಿಡಿಆರ್4 ಸ್ಲಾಟಿನಲ್ಲಿ ಕೂರುವುದಿಲ್ಲ, ನಡುವಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ.

ಡಿಸ್ಕಿನ ಮಾತೂ ಇದೇ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್ ತೆರೆದು ಮೂರು ಸಾಲು ನೋಡಿ. 05 ಎಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು (ಡಿಸ್ಕಿನಲ್ಲಿ ಡೇಟಾ ಬರೆಯುವ ಸಣ್ಣ ತುಂಡುಗಳು); ಸಿ5 ಎಂದರೆ ಓದಲಾಗದೆ ಬಾಕಿ ಉಳಿದವು. ಇವು ದಿನದಿನಕ್ಕೆ ಏರುತ್ತಿದ್ದರೆ ಹಾರ್ಡ್ ಡಿಸ್ಕ್ ಬದಲಿಸುವುದು ನ್ಯಾಯವೇ. ಸಿ7, ಅಂದರೆ ಡೇಟಾ ಸಾಗಿಸುವಾಗ ಆದ ತಪ್ಪುಗಳ ಎಣಿಕೆ, ಒಂದೇ ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಡಿಸ್ಕಿಗೆ ಹಾಕಿದ ಸಾಟಾ ಕೇಬಲ್ಲಿನದು. ಆಗ ಡಿಸ್ಕ್ ಬದಲಿಸಿದ ಬಿಲ್ ಕಂಡರೆ ವಿವರಣೆ ಕೇಳಲೇಬೇಕು.

ಸಿಡಿಲಿನ ಕೇಸುಗಳು

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಷಿನ್ ಸುಡುವುದು ಹೊಸತಲ್ಲ. "ಸಿಡಿಲು ಬಡಿದಿದೆ, ಮದರ್‌ಬೋರ್ಡ್ ಹೋಯ್ತು" ಎಂಬ ಮಾತನ್ನು ಮಾತ್ರ ಹಾಗೇ ಒಪ್ಪಬೇಡಿ. ಆಘಾತ ಬರುವ ದಾರಿ ಎರಡು: ಕರೆಂಟ್ ತಂತಿ, ರೌಟರ್‌ನಿಂದ ಬರುವ ಲ್ಯಾನ್ ಕೇಬಲ್. ಎರಡನೆಯದರಲ್ಲಿ ಎಷ್ಟೋ ಸಲ ಲ್ಯಾನ್ ಪೋರ್ಟ್ ಒಂದೇ ಸಾಯುತ್ತದೆ, ಉಳಿದದ್ದು ನಡೆಯುತ್ತದೆ. ಅದಕ್ಕೆ ಕೆಲವು ನೂರು ರೂಪಾಯಿಯ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಸಾಕು.

ಪೂರ್ತಿ ಸತ್ತ ಡೆಸ್ಕ್‌ಟಾಪ್ ಆದರೆ ತಪಾಸಣೆ ಹೊರಗಿನಿಂದ ಒಳಗೆ ಹೋಗಬೇಕು: ಸಾಕೆಟ್, ಯುಪಿಎಸ್, ಪವರ್ ಕೇಬಲ್, ಎಸ್‌ಎಂಪಿಎಸ್ (ಮಷಿನ್ನಿಗೆ ಬೇಕಾದ ವೋಲ್ಟೇಜಿನಲ್ಲಿ ಕರೆಂಟ್ ಕೊಡುವ ಡಬ್ಬಿ), ಕೊನೆಗೆ ಬೋರ್ಡ್. ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರಿನ ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸಿದಾಗ ಫ್ಯಾನ್ ತಿರುಗಿದರೆ ಅದು ಸರಿಯಿದೆ ಎಂದು ತೀರ್ಮಾನಿಸಬೇಡಿ. ಲೋಡ್ ಇದ್ದಾಗ, ಅಂದರೆ ಮಷಿನ್ ಕರೆಂಟ್ ಎಳೆಯುತ್ತಿರುವಾಗ, ಮೀಟರಿನಲ್ಲಿ 12 ವೋಲ್ಟಿನ ಸಾಲು (ಆ ವೋಲ್ಟೇಜಿನ ತಂತಿಗಳು) 11.4ರಿಂದ 12.6ರ ಒಳಗೆ, 5 ವೋಲ್ಟಿನ ಸಾಲು 4.75ರಿಂದ 5.25ರ ಒಳಗೆ ನಿಲ್ಲಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಹೊಸ ಎಸ್‌ಎಂಪಿಎಸ್‌ಗೆ ದರ ಕಟ್ಟುವಾಗ ದೊಡ್ಡಕ್ಷರದ "450 ವ್ಯಾಟ್" ಬಿಟ್ಟು, ಲೇಬಲ್ಲಿನ ಕೋಷ್ಟಕದಲ್ಲಿ 12 ವೋಲ್ಟಿಗೆ ಎಷ್ಟು ಆಂಪಿಯರ್ ಇದೆ ನೋಡಿ. 16 ಎಂದಿದ್ದರೆ 12×16, ಅಂದರೆ 192 ವ್ಯಾಟ್ ಮಾತ್ರ. ಈಗಿನ ಮಷಿನ್ ಹೆಚ್ಚು ಎಳೆಯುವುದು ಆ ಸಾಲಿನಿಂದಲೇ. ಇಂಥದಕ್ಕೆ ನಿಜವಾದ 450 ವ್ಯಾಟಿನ ದರ ಹಾಕಿದ್ದರೆ ಅದು ಹೆಚ್ಚಾಯಿತು.

ಈಗ ದರ

ಲೆಕ್ಕಕ್ಕೆಂದು ಒಂದು ಬಿಲ್ ಕಲ್ಪಿಸೋಣ: ಎಸ್‌ಎಂಪಿಎಸ್ 1,900, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ತಿರುಗುವ ಭಾಗವಿಲ್ಲದ ಡಿಸ್ಕ್) 3,900, ಸರ್ವಿಸ್ 1,200, ಒಟ್ಟು 7,000 ರೂಪಾಯಿ, ಜಿಎಸ್‌ಟಿ ಸೇರಿ. ಅದೇ ಕಂಪನಿಯ ಅದೇ ಮಾಡೆಲ್ ಎಸ್‌ಎಸ್‌ಡಿ ಅದೇ ದಿನ ಆನ್‌ಲೈನ್‌ನಲ್ಲಿ 3,400 ಇದ್ದರೆ ವ್ಯತ್ಯಾಸ 500, ಸುಮಾರು ಶೇ. 15. ನನ್ನ ಅಳತೆಯಲ್ಲಿ ಇದು ನ್ಯಾಯ. ಹುಬ್ಬಳ್ಳಿಯಿಂದ ಬಸ್ ಪಾರ್ಸಲ್‌ನಲ್ಲಿ ತರಿಸಿ, ಕೆಟ್ಟರೆ ಬದಲಿಸಿ ಕೊಡುವ ಓಡಾಟವೆಲ್ಲ ಅಂಗಡಿಯವರದೇ. ಶೇ. 30 ದಾಟಿದರೆ ಕಾರಣ ಕೇಳಿ. ಹೋಲಿಕೆ ಅದೇ ದಿನದ ದರದ ಜೊತೆಗೇ ಆಗಬೇಕು: 2025ರ ಕೊನೆಯಲ್ಲಿ ರಾಮ್ ಬೆಲೆ ಜಿಗಿದದ್ದರಿಂದ ಅದಕ್ಕೂ ಹಿಂದಿನ ಬಿಲ್ ಹಿಡಿದು ವಾದಿಸಿದರೆ ಅಂಗಡಿಯವರಿಗೆ ಅನ್ಯಾಯ. ಪೆಟ್ಟಿಗೆಯ ಮೇಲಿನ ಎಂಆರ್‌ಪಿಗಿಂತ ಹೆಚ್ಚು ಪಡೆಯಲು ಮಾತ್ರ ಯಾರಿಗೂ ಹಕ್ಕಿಲ್ಲ.

ಹೊಸದೆಂದು ಕೊಟ್ಟ ಎಸ್‌ಎಸ್‌ಡಿ ಹೊಸದೇ ಎನ್ನುವುದನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಚಾಲನೆಯ ಗಂಟೆಗಳು ಹೇಳುತ್ತವೆ: ಕೆಲವೇ ಗಂಟೆ ಇದ್ದರೆ ಸರಿ, ಸಾವಿರಾರು ಇದ್ದರೆ ಹಳೇ ಮಾಲು. 512 ಜಿಬಿ ಕೊಂಡು ವಿಂಡೋಸ್‌ನಲ್ಲಿ 476 ಕಂಡರೆ ಜಗಳಕ್ಕೆ ಹೋಗಬೇಡಿ. ಕಂಪನಿ 1000ದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

"ವಿಂಡೋಸ್" ಎಂಬ ಸಾಲಿಗೂ ಗಮನ ಬೇಕು. ವಿಂಡೋಸ್ 8ರ ನಂತರ ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪ್‌ಗಳ ಲೈಸೆನ್ಸ್ ಕೀ ಬೋರ್ಡಿನೊಳಗೇ ಕೂತಿರುತ್ತದೆ. ಡಿಸ್ಕ್ ಬದಲಿಸಿ ಅದೇ ಎಡಿಷನ್ (ಹೋಮ್ ಅಥವಾ ಪ್ರೊ) ಹಾಕಿದರೆ ತಾನೇ ಆಕ್ಟಿವೇಟ್ ಆಗುತ್ತದೆ. ಹಾಕಿಕೊಟ್ಟ ಮಜೂರಿ ಸರಿ, ಲೈಸೆನ್ಸಿಗೆ ಬೇರೆ ಹಣ ಸರಿಯಲ್ಲ.

ಮಜೂರಿಯಲ್ಲಿ ನಮ್ಮ ಕಡೆಯಿಂದ ಆಗುವ ತಪ್ಪೂ ಒಂದಿದೆ. ಚಿಪ್ ಲೆವೆಲ್ ರಿಪೇರಿಯಲ್ಲಿ, ಅಂದರೆ ಬೋರ್ಡ್ ಬದಲಿಸದೆ ಅದರ ಮೇಲಿನ ಬಿಡಿಭಾಗವನ್ನಷ್ಟೇ ಸರಿಪಡಿಸುವಾಗ, ಬದಲಿಸಿದ ಕೆಪಾಸಿಟರ್ ಕೆಲವೇ ರೂಪಾಯಿಯದು. "ಇದಕ್ಕೆ ಎರಡು ಸಾವಿರವೇ?" ಎನ್ನುತ್ತೇವೆ. ಬೋರ್ಡಿನ ನೂರಾರು ಬಿಡಿಭಾಗಗಳಲ್ಲಿ ಶಾರ್ಟ್ ಆದ ಒಂದನ್ನು ಹುಡುಕಿ, ಪಕ್ಕದ್ದಕ್ಕೆ ಬಿಸಿ ತಾಗದಂತೆ ಕಿತ್ತು ಕೂರಿಸುವ ಕೆಲಸಕ್ಕೆ ಆ ಹಣ. ಹೊಸ ಬೋರ್ಡಿನ ಅರ್ಧ ಬೆಲೆಯೊಳಗೆ ಮುಗಿದು, ಮೂರು ತಿಂಗಳ ಗ್ಯಾರಂಟಿ ಬರೆದುಕೊಟ್ಟರೆ ಚೌಕಾಸಿ ಮಾಡಬೇಡಿ.

ಬಿಲ್

ಕಂಪ್ಯೂಟರ್ ಪಾರ್ಟಿಗೂ ರಿಪೇರಿಗೂ ಜಿಎಸ್‌ಟಿ ಶೇ. 18. ಮೇಲಿನ 7,000ದಲ್ಲಿ ತೆರಿಗೆ ತೆಗೆಯಲು 18ರಿಂದ ಗುಣಿಸಿ 118ರಿಂದ ಭಾಗಿಸಬೇಕು: 1,067.80 ರೂಪಾಯಿ. ತೆರಿಗೆ ಹಾಕಿದ ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರ್ ಇರಬೇಕು. ಕರ್ನಾಟಕದ್ದು 29ರಿಂದ ಶುರು. ಕಾಂಪೊಸಿಷನ್ ಸ್ಕೀಮಿನ (ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತಾವೇ ತೆರಿಗೆ ಕಟ್ಟುವ) ಸಣ್ಣ ಅಂಗಡಿಯವರು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗಿಲ್ಲ. ಪಾರ್ಟಿನ ಹೆಸರು, ಮಾಡೆಲ್, ಸೀರಿಯಲ್ ನಂಬರ್, ವಾರಂಟಿ ಅವಧಿ ಬಿಲ್ಲಿನಲ್ಲೇ ಇರಲಿ.

ಮಾತಿನಲ್ಲಿ ಬಗೆಹರಿಯದಿದ್ದರೆ 1915 ಗ್ರಾಹಕ ಸಹಾಯವಾಣಿ. ಅದರ ಮೇಲೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ: ದೂರಿನ ಗಡುವು ಎರಡು ವರ್ಷ, 5 ಲಕ್ಷ ರೂಪಾಯಿವರೆಗೆ ಶುಲ್ಕವಿಲ್ಲ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದಾದ್ದರಿಂದ ಶಿರಸಿಯವರು ದೂರು ಕೊಡಲೆಂದೇ ದೇವಿಮನೆ ಘಟ್ಟ ಇಳಿಯಬೇಕಿಲ್ಲ. ಬಿಲ್, ಜಾಬ್ ಶೀಟ್, ಸೀರಿಯಲ್ ನಂಬರಿನ ಫೋಟೋ ಜೊತೆಗಿಟ್ಟು, ಹಳೇ ಪಾರ್ಟನ್ನು ತೇವ ತಾಗದ ಡಬ್ಬಿಯಲ್ಲಿ ಎತ್ತಿಡಿ.