ಮೋಡ್‌ನ ಮೇಲೊಂದು ಮೋಡ್

ದೇವಿಮನೆ ಘಟ್ಟ ಹತ್ತುವಾಗ ಕಾರು ಜಿಗಿಯುತ್ತದೆ ಎಂಬ ದೂರು ಹೊತ್ತು ಕಳೆದ ಮಳೆಗಾಲದಲ್ಲಿ ಕುಮಟಾ ಕಡೆಯ ಒಬ್ಬರು ಶಿರಸಿಯ ನಮ್ಮ ಗ್ಯಾರೇಜಿಗೆ ಬಂದಿದ್ದರು. ಎಂಟು ಸಿಲಿಂಡರಿನ, ಹಿಂದಿನ ಚಕ್ರಗಳಿಗೆ ಬಲ ಹೋಗುವ ಸ್ಪೋರ್ಟ್ಸ್ ಕಾರು. “ವೆಟ್ ಮೋಡ್‌ನಲ್ಲೇ ಇಟ್ಟಿದ್ದೆ ಮಾರಾಯ್ರೆ, ಆದ್ರೂ ಕಾಲಿಟ್ಟ ಕೂಡ್ಲೆ ಹಿಂದಿನ ಚಕ್ರ ಜಾರ್ತದೆ” ಎಂದರು. ಒದ್ದೆ ರಸ್ತೆಗೆಂದು ಕಾರಿನಲ್ಲೇ ಇರುವ ಆಯ್ಕೆ ಈ ವೆಟ್ ಮೋಡ್. ಸ್ಕ್ಯಾನರ್ ಜೋಡಿಸಿ, ಆಕ್ಸಿಲರೇಟರ್ ಪೆಡಲನ್ನು ಅಂದಾಜು ಕಾಲು ಭಾಗ ಒತ್ತಿ ನೋಡಿದೆ. ಪರದೆಯಲ್ಲಿ ಪೆಡಲಿನ ಸ್ಥಾನ ಶೇಕಡಾ ನಲವತ್ತೈದರ ಆಸುಪಾಸು ಎಂದು ತೋರಿಸಿತು. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದಾಗ ಕಾರಣ ಸಿಕ್ಕಿತು. ಹೊರಗಿನಿಂದ ತಂದು ಕೂರಿಸಿದ ಥ್ರಾಟಲ್ ಕಂಟ್ರೋಲರ್ ಅಲ್ಲಿತ್ತು.

ಈ ಉಪಕರಣದ ಹೆಸರೇ ಸ್ವಲ್ಪ ದಾರಿ ತಪ್ಪಿಸುವಂಥದ್ದು, ಏಕೆಂದರೆ ಅದು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯನ್ನು ಮುಟ್ಟುವುದೇ ಇಲ್ಲ. ಹಳೆಯ ಕಾರುಗಳಲ್ಲಿ ಆಕ್ಸಿಲರೇಟರಿನಿಂದ ಎಂಜಿನ್‌ವರೆಗೆ ಒಂದು ಕೇಬಲ್ ಹೋಗುತ್ತಿತ್ತು. 1980ರ ದಶಕದ ಕೊನೆಯಲ್ಲಿ ಬಿಎಂಡಬ್ಲ್ಯುವಿನಂಥ ಕಂಪನಿಗಳು ತಮ್ಮ ದುಬಾರಿ ಕಾರುಗಳಲ್ಲಿ ಅದನ್ನು ಕಿತ್ತು ವಿದ್ಯುತ್ ಸಂಕೇತವನ್ನು ತಂದವು. ಈಗ ಸಾಮಾನ್ಯ ಕಾರುಗಳಲ್ಲೂ ಅದೇ ವ್ಯವಸ್ಥೆಯಿದೆ. ಪೆಡಲಿನಲ್ಲಿರುವ ಎರಡು ಸೆನ್ಸರ್‌ಗಳು ಕಾಲು ಎಷ್ಟು ಒತ್ತಿದೆ ಎಂಬುದನ್ನು ವೋಲ್ಟೇಜ್ ರೂಪದಲ್ಲಿ ಇಸಿಯುಗೆ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿಗೆ, ತಿಳಿಸುತ್ತವೆ, ಇಸಿಯು ಅದನ್ನು ಚಾಲಕ ಕೇಳುತ್ತಿರುವ ಬಲವೆಂದು ಓದಿಕೊಂಡು ಥ್ರಾಟಲನ್ನು ತಾನೇ ತೆರೆಯುತ್ತದೆ. ಕಂಟ್ರೋಲರ್ ಕೂರುವುದು ಪೆಡಲ್ ಮತ್ತು ಇಸಿಯುಗಳ ನಡುವೆ. ಕಾಲು ಇಪ್ಪತ್ತೈದು ಎಂದರೆ ಅದು ನಲವತ್ತೈದು ಎಂದು ಸುಳ್ಳು ಹೇಳುತ್ತದೆ. ನೂರು ಎಂದಾಗ ಮಾತ್ರ ಅದಕ್ಕೆ ಹೆಚ್ಚಿಸಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಎಂಜಿನ್ನಿನ ಶಕ್ತಿ ಒಂದು ಕುದುರೆಯಷ್ಟೂ ಏರುವುದಿಲ್ಲ, ಇರುವ ಶಕ್ತಿ ಪೆಡಲಿನ ಮೊದಲ ಅರ್ಧದಲ್ಲೇ ಬಂದುಬಿಡುತ್ತದೆ, ಅಷ್ಟೇ.

ಆದರೆ ಸ್ಪೋರ್ಟ್ಸ್ ಕಾರಿನ ಡ್ರೈವ್ ಮೋಡ್‌ಗಳು ಮಾಡುವ ಕೆಲಸಗಳಲ್ಲಿ ಒಂದು ಇದೇ. 2016ರಲ್ಲಿ ಭಾರತಕ್ಕೆ ಬಂದ ಫೋರ್ಡ್ ಮಸ್ಟಾಂಗ್‌ನಲ್ಲಿ ನಾರ್ಮಲ್, ಸ್ಪೋರ್ಟ್ ಪ್ಲಸ್, ಟ್ರ್ಯಾಕ್, ಸ್ನೋ–ವೆಟ್ ಎಂಬ ನಾಲ್ಕು ಮೋಡ್‌ಗಳಿವೆ. ಸ್ಪೋರ್ಟ್ ಪ್ಲಸ್ ಪೆಡಲನ್ನು ಚುರುಕುಗೊಳಿಸಿದರೆ, ವೆಟ್ ಅದನ್ನು ಬೇಕೆಂದೇ ಮಂದಗೊಳಿಸುತ್ತದೆ. ಕಾರಿಗೆ ಮಾತ್ರ ನಡುವೆ ಒಂದು ಪೆಟ್ಟಿಗೆ ಕುಳಿತಿದೆ ಎಂಬ ಅರಿವೇ ಇರುವುದಿಲ್ಲ. ಲೆಕ್ಕಕ್ಕಾಗಿ ಹೀಗೆ ಊಹಿಸಿಕೊಳ್ಳಿ: ನಾರ್ಮಲ್ ಮೋಡ್ ಇಪ್ಪತ್ತೈದಕ್ಕೆ ಇಪ್ಪತ್ತೈದರಷ್ಟೇ ಬಲ ಕೊಡುತ್ತದೆ, ವೆಟ್ ಮೋಡ್ ಇಪ್ಪತ್ತೈದಕ್ಕೆ ಹನ್ನೆರಡನ್ನೂ ನಲವತ್ತೈದಕ್ಕೆ ಇಪ್ಪತ್ತೈದನ್ನೂ ಕೊಡುತ್ತದೆ. ನಡುವೆ ಕಂಟ್ರೋಲರ್ ಇದ್ದರೆ ಮೀಟರಿನಲ್ಲಿ ವೆಟ್ ಎಂದು ಬರೆದಿರುತ್ತದೆ, ಕಾಲಿನಡಿ ಇರುವುದು ನಾರ್ಮಲ್. ಸ್ಪೋರ್ಟ್‌ನಲ್ಲಿ ಇದು ತಿರುಗಿ ಗುಣಾಕಾರವಾಗುತ್ತದೆ. ಬೂಟಿನ ತುದಿ ಅಲುಗಿದರೆ ಸಾಕು, ಕಾರು ಎಗರುತ್ತದೆ. ಚಕ್ರ ಜಾರಿದಾಗ ಬಲ ಕಡಿತಗೊಳಿಸುವ ವ್ಯವಸ್ಥೆಯನ್ನು ಈ ಪೆಟ್ಟಿಗೆ ಕೆಡಿಸುವುದಿಲ್ಲ, ನಿಜ. ಆದರೆ ಆ ವ್ಯವಸ್ಥೆ ಎಚ್ಚರಗೊಳ್ಳುವುದು ಜಾರಿದ ಮೇಲೆ, ಅದೂ ಒಂದು ಕಡೆ ಕಂದಕವಿರುವ ತಿರುವಿನಲ್ಲಿ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಸಹ ಇದೇ ಸುಳ್ಳನ್ನು ನಂಬುತ್ತದೆ. ಚಾಲಕನಿಗೆ ಅವಸರವಿದೆಯೆಂದು ತಿಳಿದು ಮತ್ತೆ ಮತ್ತೆ ಕೆಳಗಿನ ಗೇರಿಗೆ ಇಳಿಯುತ್ತದೆ. ಅರಬೈಲ್ ಘಟ್ಟದಲ್ಲಿ ಲಾರಿಯ ಹಿಂದೆ ನಿಧಾನ ಸಾಗುವಾಗ ಇದರ ಕಿರಿಕಿರಿ ಅನುಭವಿಸಿದವರಿಗೇ ಗೊತ್ತು.

ಇನ್ನೊಂದು ಸೂಕ್ಷ್ಮವನ್ನು ಬಹಳ ಮಂದಿ ಗಮನಿಸುವುದಿಲ್ಲ. ಹೆಚ್ಚಿನ ಕಾರುಗಳು ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದಾಗ ನಾರ್ಮಲ್ ಮೋಡ್‌ಗೆ ಮರಳುತ್ತವೆ, ಕಂಟ್ರೋಲರ್ ಮಾತ್ರ ನಿನ್ನೆ ಇಟ್ಟಲ್ಲೇ ಇರುತ್ತದೆ. ಭಾನುವಾರ ಖಾಲಿ ಹೆದ್ದಾರಿ 66ರಲ್ಲಿ ಹುರುಪಿನಿಂದ ಏರಿಸಿದ ಮಟ್ಟವೇ ಸೋಮವಾರ ಕಾರವಾರದ ಪೇಟೆಯ ಇಕ್ಕಟ್ಟಿನಲ್ಲಿ, ಮನೆಯವರು ಸ್ಟಿಯರಿಂಗ್ ಹಿಡಿದಾಗಲೂ ಇರುತ್ತದೆ.

ಹಾಗಾದರೆ ಇದು ನಿರುಪಯೋಗಿಯೇ? ನನಗೆ ಒಂದೇ ಸಮರ್ಥನೆ ಕಾಣುತ್ತದೆ. ಸ್ಪೋರ್ಟ್ ಮೋಡ್ ಹಾಕಿದರೆ ಗೇರ್ ಬೇಗ ಮೇಲೇರದೆ ಎಂಜಿನ್ ಕೂಗುತ್ತದೆ, ನಾರ್ಮಲ್‌ನಲ್ಲಿ ಪೆಡಲ್ ಸತ್ತಂತಿರುತ್ತದೆ ಎನ್ನುವವರು ನಾರ್ಮಲ್‌ನಲ್ಲೇ ಕಾರನ್ನಿಟ್ಟು ಕಂಟ್ರೋಲರನ್ನು ಒಂದೆರಡು ಹಂತ ಮಾತ್ರ ಏರಿಸಿಕೊಳ್ಳಬಹುದು. ಕಾರಿನ ಮೋಡ್ ಬದಲಿಸಿದೊಡನೆ ಪೆಟ್ಟಿಗೆಯನ್ನು ಮೂಲ ಸ್ಥಿತಿಗೆ ತರಬೇಕು. ಎರಡೂ ಕಡೆ ಏರಿಸುವುದು ಸಾರಿಗೆ ಇಬ್ಬರು ಬೇರೆ ಬೇರೆಯಾಗಿ ಉಪ್ಪು ಹಾಕಿದಂತೆ.

ಜೋಡಣೆಯ ಬಗ್ಗೆಯೂ ಎರಡು ಮಾತು. ಇಗ್ನಿಷನ್ ಆರಿಸಿ, ಇಸಿಯು ಪೂರ್ತಿ ನಿದ್ರಿಸುವವರೆಗೆ ಕೆಲವು ನಿಮಿಷ ಕಾದು ಕನೆಕ್ಟರ್ ಬಿಚ್ಚಬೇಕು. ಎರಡು ಸೆನ್ಸರ್‌ಗಳ ಲೆಕ್ಕ ಪರಸ್ಪರ ತಾಳೆಯಾಗದಿದ್ದರೆ ಪಿ2138ರಂಥ ದೋಷಸಂಕೇತ ಬಂದು ಕಾರು ಬಲ ತಗ್ಗಿಸಿಕೊಂಡು ಕುಂಟುವ ಸ್ಥಿತಿಗೆ ಹೋಗುತ್ತದೆ. ಕರಾವಳಿಯ ಉಪ್ಪುಗಾಳಿ ಮತ್ತು ಒದ್ದೆ ಚಪ್ಪಲಿಯ ನೀರಿನಿಂದ ಆ ಹೆಚ್ಚುವರಿ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟುವುದನ್ನು ನಾನು ನೋಡಿದ್ದೇನೆ. ವೈರು ಪೆಡಲಿಗೆ ತಾಗದಂತೆ ಟ್ಯಾಗ್ ಹಾಕಿ ಬಿಗಿಯುವುದಂತೂ ಕಡ್ಡಾಯ. ವಾರಂಟಿ ಇನ್ನೂ ಇದ್ದರೆ ಷೋರೂಮಿನವರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕುಮಟಾದವರು ಪೆಟ್ಟಿಗೆ ತೆಗೆಸಲು ಒಪ್ಪಲಿಲ್ಲ, ದುಡ್ಡು ಕೊಟ್ಟಿದ್ದಾರೆ. ಕೊನೆಗೆ ಒಂದು ಒಪ್ಪಂದವಾಯಿತು: ಜೂನ್ ಬರುವಾಗ ನಾನು ಅದನ್ನು ಬಿಚ್ಚಿ ಕಂಪನಿಯ ಕನೆಕ್ಟರನ್ನೇ ಪೆಡಲಿಗೆ ಸೇರಿಸುತ್ತೇನೆ, ಮಳೆ ಬಿಟ್ಟ ಮೇಲೆ ಪಿನ್ನುಗಳನ್ನು ಒರೆಸಿ ಮರಳಿ ಹಾಕಿಕೊಡುತ್ತೇನೆ.