ಗುರುಮಠಕಲ್‌ನಿಂದ ದಿಲ್ಲಿಗೆ: ಖರ್ಗೆ ದಾರಿ ತಿರುಗಿಸಿದ ನಕಾಶೆ

ಮಲ್ಲಿಕಾರ್ಜುನ ಖರ್ಗೆ 1972ರಿಂದ 2004ರವರೆಗೆ ಗುರುಮಠಕಲ್‌ನಲ್ಲಿ ಸತತ ಎಂಟು ಸಲ ಗೆದ್ದರು. ಒಮ್ಮೆಯೂ ಕೈಕೊಡದ ಆ ಕ್ಷೇತ್ರ ಬಿಟ್ಟು 2008ರಲ್ಲಿ ಚಿತ್ತಾಪುರಕ್ಕೆ, ಮರುವರ್ಷವೇ ಲೋಕಸಭೆಗೆ ಹೋದದ್ದೇಕೆ? ಪಕ್ಷದೊಳಗಿನ ಲೆಕ್ಕಾಚಾರ ಏನೇ ಇರಲಿ, ಕ್ಷೇತ್ರಗಳ ನಕಾಶೆ ನೋಡದೆ ಇದು ಅರ್ಥವಾಗದು.

2001ರ ಜನಗಣತಿ ಆಧರಿಸಿದ ಕ್ಷೇತ್ರ ಮರುವಿಂಗಡಣೆಯಲ್ಲಿ ಮೊದಲು ವಿಧಾನಸಭಾ ಚುನಾವಣೆ ನಡೆದದ್ದು ಕರ್ನಾಟಕದಲ್ಲೇ, 2008ರ ಮೇನಲ್ಲಿ. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಯಿತು, ಚಿತ್ತಾಪುರ ಮೀಸಲಾಯಿತು. ಲೋಕಸಭೆಯಲ್ಲೂ ಹಾಗೆಯೇ: ಗುಲ್ಬರ್ಗ ಮೀಸಲಾಯಿತು, ಮೀಸಲಾಗಿದ್ದ ಬೀದರ್ ಸಾಮಾನ್ಯವಾಯಿತು. ಈ ಅದಲುಬದಲಿನಲ್ಲಿ ಇಬ್ಬರಿಗೆ ದಾರಿ ತೆರೆಯಿತು. 2009ರಲ್ಲಿ ಪರಿಶಿಷ್ಟ ಜಾತಿಯವರಾದ ಖರ್ಗೆ ಗುಲ್ಬರ್ಗದಿಂದ ಗೆದ್ದರೆ, ಹಿಂದಿನ ವರ್ಷ ಜೇವರ್ಗಿಯಲ್ಲಿ ಸೋತಿದ್ದ ಮಾಜಿ ಮುಖ್ಯಮಂತ್ರಿ ಧರ್ಮಸಿಂಗ್ ಬೀದರ್‌ನಿಂದ ಸಂಸತ್ತಿಗೆ ಹೋದರು.

ಶಾಸಕ ಸಂಸದನಾಗಿ ಗೆದ್ದಾಗ ಎರಡೂ ಸ್ಥಾನ ಇಟ್ಟುಕೊಳ್ಳುವಂತಿಲ್ಲ. ಸಂವಿಧಾನದ 101ನೇ ವಿಧಿ ಮತ್ತು 1950ರ ನಿಯಮದ ಪ್ರಕಾರ, ಆಯ್ಕೆ ರಾಜ್ಯಪತ್ರದಲ್ಲಿ ಪ್ರಕಟವಾದ 14 ದಿನದೊಳಗೆ ಶಾಸಕ ಸ್ಥಾನ ಬಿಡಬೇಕು. ಬಿಡದಿದ್ದರೆ ಶಾಸಕತ್ವ ಹೋಗುತ್ತದೆ ಎಂದೇ ಹಲವರ ಎಣಿಕೆ. ಹೋಗುವುದು ಸಂಸದ ಸ್ಥಾನ! ತೆರವಾದ ಕ್ಷೇತ್ರಕ್ಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ. ಪಕ್ಷಕ್ಕೆ ಪೆಟ್ಟು ಬೀಳುವುದು ಬಹುಪಾಲು ಅಲ್ಲೇ: ಖರ್ಗೆ ಬಿಟ್ಟ ಚಿತ್ತಾಪುರದಲ್ಲಿ 2009ರಲ್ಲಿ ಅವರ ಮಗ ಪ್ರಿಯಾಂಕ್ ಖರ್ಗೆ ಬಿಜೆಪಿಯ ವಾಲ್ಮೀಕಿ ನಾಯಕ ಎದುರು ಸೋತರು. ಅದು ಮತ್ತೆ ಕಾಂಗ್ರೆಸ್ಸಿಗೆ ಬಂದದ್ದು 2013ರಲ್ಲಿ.

ದಿಲ್ಲಿಯಲ್ಲಿ ಕಾರ್ಮಿಕ ಖಾತೆ, ಆಮೇಲೆ ರೈಲ್ವೆ. ಆದರೆ ಕಲಬುರಗಿ ಸೀಮೆಯವರು ಮೊದಲು ನೆನೆಯುವುದು ಹೈದರಾಬಾದ್-ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಯನ್ನು. ದಶಕಗಳ ಹೋರಾಟದ ಈ ಬೇಡಿಕೆ ವಿಧಾನಸೌಧದಲ್ಲಿ ಇತ್ಯರ್ಥವಾಗುವಂಥದ್ದಾಗಿರಲಿಲ್ಲ, ಸಂವಿಧಾನವನ್ನೇ ತಿದ್ದಬೇಕಿತ್ತು. ಸಂಸತ್ತು 2012ರ ಡಿಸೆಂಬರ್‌ನಲ್ಲಿ 98ನೇ ತಿದ್ದುಪಡಿಗೆ ಒಪ್ಪಿತು.

2014ರಲ್ಲಿ ಖರ್ಗೆ ಮತ್ತೆ ಗೆದ್ದರೂ ಕಾಂಗ್ರೆಸ್‌ಗೆ ಸಿಕ್ಕಿದ್ದು 44 ಸ್ಥಾನ. ಸದನದ ಹತ್ತನೇ ಒಂದು ಭಾಗ, ಅಂದರೆ 55 ಬೇಕು ಎಂಬ ರೂಢಿಯಿಂದಾಗಿ ಅವರು ಪಕ್ಷದ ನಾಯಕರಾದರೇ ಹೊರತು ವಿರೋಧ ಪಕ್ಷದ ನಾಯಕರಾಗಲಿಲ್ಲ. 2019ರಲ್ಲಿ 95,452 ಮತಗಳಿಂದ ಸೋತರು, ಅದೂ ಚಿಂಚೋಳಿಯ ಶಾಸಕ ಸ್ಥಾನ ಬಿಟ್ಟು ಬಿಜೆಪಿ ಸೇರಿದ್ದ ಉಮೇಶ ಜಾಧವ ಎದುರು.

ಉಳಿದದ್ದು ರಾಜ್ಯಸಭೆಯ ಬಾಗಿಲು. ಅಲ್ಲಿ ಮತ ಹಾಕುವವರು ಶಾಸಕರು. 2020ರ ಜೂನ್‌ನಲ್ಲಿ ನಾಲ್ಕು ಸ್ಥಾನ ಖಾಲಿಯಿದ್ದವು. 224 ಶಾಸಕರನ್ನು ಸ್ಥಾನಗಳಿಗಿಂತ ಒಂದು ಹೆಚ್ಚು ಸಂಖ್ಯೆಯಿಂದ, ಅಂದರೆ ಐದರಿಂದ ಭಾಗಿಸಿದರೆ ಒಬ್ಬರ ಗೆಲುವಿಗೆ 45 ಮತ. ಕಾಂಗ್ರೆಸ್ ಬಳಿ ಅಷ್ಟಿತ್ತು. ನಾಲ್ಕು ಸ್ಥಾನಕ್ಕೆ ನಾಲ್ವರೇ ಕಣದಲ್ಲಿದ್ದರಿಂದ ಮತದಾನವೂ ನಡೆಯಲಿಲ್ಲ. ಮರುವರ್ಷದ ಫೆಬ್ರವರಿಯಲ್ಲಿ, ಲೋಕಸಭೆಯಲ್ಲಿ ಸಿಗದ ವಿರೋಧ ಪಕ್ಷದ ನಾಯಕನ ಸ್ಥಾನ ರಾಜ್ಯಸಭೆಯಲ್ಲಿ ಸಿಕ್ಕಿತು.