ಕಡು ಬಣ್ಣ ಬಳಿದರೆ ಗೋಡೆಗೆ ಪಾಚಿ ಹಿಡಿಯುವುದಿಲ್ಲವೇ?

ಪ್ರಶ್ನೆ: ಕಾಪು ಸಮೀಪ ನಮ್ಮದು ಹೆಂಚಿನ ಮಾಡಿನ ಮನೆ. ಹೊರಗೋಡೆಗೆ ಬಿಳಿ ಬಳಿಸಬೇಕೆಂದಿದ್ದೇವೆ. ಎರಡು ಮಳೆಗಾಲಕ್ಕೆ ಕಪ್ಪಾಗುತ್ತದೆ, ಕಡು ಬೂದು ಬಳಿಸಿದರೆ ಪಾಚಿಯೇ ಹಿಡಿಯುವುದಿಲ್ಲ ಎಂದು ನೆಂಟರು ಹೇಳುತ್ತಿದ್ದಾರೆ. ಏನು ಮಾಡಬೇಕು?

ಉತ್ತರ: ನೆಂಟರ ಮಾತು ಅರ್ಧ ಸರಿ. ಕರಾವಳಿಯ ಮಳೆಗೆ ಬಿಳಿ ಗೋಡೆ ಕಪ್ಪಾಗುವುದು ನಿಜ. ಆದರೆ ಪಾಚಿಗೆ ಬೇಕಾದದ್ದು ತೇವ ಮತ್ತು ನೆರಳು. ಅವೆರಡು ಸಿಕ್ಕರೆ ಕಡು ಬೂದಿನ ಮೇಲೂ ಅದು ಹಾಯಾಗಿ ಬೆಳೆಯುತ್ತದೆ, ಕಣ್ಣಿಗೆ ಬೀಳುವುದು ತಡ ಅಷ್ಟೇ.

ಮನೆಯ ನಾಲ್ಕೂ ಗೋಡೆಗಳಿಗೆ ಮಳೆಗಾಲ ಒಂದೇ ತೆರನಾಗಿರುವುದಿಲ್ಲ. ಗಾಳಿ ನೈಋತ್ಯದಿಂದ ಬೀಸುವುದರಿಂದ ಎರಚಲು ಹೊಡೆಯುವುದು ಪಡುವಣ ಮತ್ತು ತೆಂಕಣ ಗೋಡೆಗಳಿಗೆ. ಹಿಂದೆ ಆ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಇದೇ ಕಾರಣಕ್ಕೆ. ಬಡಗಣ ಗೋಡೆಯ ಕಷ್ಟ ಬೇರೆ. ಸೆಪ್ಟೆಂಬರ್ ಕೊನೆಯ ವಾರದಿಂದ ಮಾರ್ಚ್ ಮೂರನೆಯ ವಾರದವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಅದಕ್ಕೆ ನೇರ ಬಿಸಿಲೇ ಬೀಳುವುದಿಲ್ಲ. ಮಳೆ ನಿಂತು ಉಳಿದ ಗೋಡೆಗಳು ಒಣಗುವ ಹೊತ್ತಿಗೇ ಇದಕ್ಕೆ ನೆರಳು! ಪಕ್ಕದಲ್ಲಿ ಹಲಸಿನ ಮರವೋ ಬಚ್ಚಲೋ ಇದ್ದರಂತೂ ಕೇಳುವುದೇ ಬೇಡ.

ಕಡು ಬೂದು ನನಗೆ ಒಪ್ಪಿಗೆಯಿಲ್ಲ. ಏಪ್ರಿಲ್ ತಿಂಗಳ ಸಂಜೆ ನಾಲ್ಕು ಗಂಟೆಗೆ ಅಂಥ ಪಡುವಣ ಗೋಡೆಯನ್ನು ಮುಟ್ಟಿ ನೋಡಿ, ಕೈ ಹಿಂದಕ್ಕೆ ಬರುತ್ತದೆ. ಆ ಕಾವು ರಾತ್ರಿ ಕೋಣೆಯೊಳಗೆ ಇಳಿಯುತ್ತದೆ. ಕಾದು ತಣಿಯುವ ಗಾರೆಯಲ್ಲಿ ಕೂದಲೆಳೆಯ ಬಿರುಕು ಮೂಡಿದರೆ ಮುಂದಿನ ಮಳೆಗೆ ನೀರು ಒಳನುಗ್ಗಲು ಅಷ್ಟೇ ಸಾಕು. ಗೋಡೆಯೊಳಗಿನ ಉಪ್ಪು ಹೊರಬಂದು ಮೂಡುವ ಬಿಳಿ ಕಲೆಗಳೂ ಕಡು ಬಣ್ಣದ ಮೇಲೆಯೇ ಎದ್ದು ಕಾಣುತ್ತವೆ.

ನಿಮ್ಮ ಮಾಡು ಹೇಗೂ ಕೆಂಪು. ಅದರ ಕೆಳಗೆ ಅಚ್ಚ ಬಿಳಿಯ ಬದಲು ಕೆನೆ, ಮರಳು ಅಥವಾ ತಿಳಿ ಮಣ್ಣಿನ ಬಣ್ಣ ಚೆನ್ನಾಗಿ ಹೊಂದುತ್ತದೆ, ಮಳೆಯ ಗುರುತನ್ನೂ ಒಂದಷ್ಟು ಕಾಲ ಮರೆಸುತ್ತದೆ. ಬುಡದಿಂದ ಎರಡಡಿ ಎತ್ತರಕ್ಕೆ ಮಾತ್ರ ಕಾವಿಯ ಪಟ್ಟಿ ಬಳಿಸಿ. ಸೂರಿನ ನೀರು ಅಂಗಳಕ್ಕೆ ಬಿದ್ದು ಕೆಂಪು ಮಣ್ಣನ್ನು ಸಿಡಿಸುವುದು ಅಷ್ಟು ಎತ್ತರಕ್ಕೇ. ಹಳೆಯ ಮನೆಗಳ ಸುಣ್ಣದ ಗೋಡೆಗೆ ಇಂಥ ಪಟ್ಟಿ ಇದ್ದದ್ದು ಬರೀ ಅಂದಕ್ಕಲ್ಲ.

ಕಾವಿಗೆ ಇನ್ನೊಂದು ಗುಣವಿದೆ. ಮುರಕಲ್ಲನ್ನು ಕೆಂಪಾಗಿಸುವ ಕಬ್ಬಿಣದ ಆಕ್ಸೈಡೇ ಕಾವಿ, ಕಂದು, ಮಣ್ಣಿನ ಹಳದಿಗಳಲ್ಲೂ ಇರುವುದರಿಂದ ಅವು ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ. ಕಣ್ಣು ಕುಕ್ಕುವ ಗುಲಾಬಿ, ನೇರಳೆಗಳು ಬೇಗ ಪೇಲವವಾಗುತ್ತವೆ, ಅದೂ ಪಡುವಣ ಗೋಡೆಯಲ್ಲಿ ಮೊದಲು. ಆಗ ಒಂದೇ ಮನೆಗೆ ಎರಡು ಬಣ್ಣ.

ಅಂಗಡಿಯ ಶೇಡ್ ಕಾರ್ಡ್ ನೋಡಿ ತೀರ್ಮಾನಿಸಬೇಡಿ. ಬೆರಳಗಲದ ಚೌಕದಲ್ಲಿ ಕಂಡ ಬಣ್ಣ ಬಿಸಿಲಿನಲ್ಲಿ ಇಡೀ ಗೋಡೆಯ ಮೇಲೆ ಇನ್ನಷ್ಟು ತಿಳಿಯಾಗಿ ಕಾಣುತ್ತದೆ. ಚಿಕ್ಕ ಡಬ್ಬಿ ತಂದು, ಪಡುವಣ ಮತ್ತು ಬಡಗಣ ಗೋಡೆಗಳಲ್ಲಿ ಎರಡಡಿ ಚೌಕಕ್ಕೆ ಎರಡು ಕೋಟ್ ಬಳಿದು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ನೀರು ಚಿಮುಕಿಸಿಯೂ ನೋಡಿ, ವರ್ಷದ ನಾಲ್ಕು ತಿಂಗಳು ನಿಮ್ಮ ಮನೆ ಕಾಣುವುದು ಹಾಗೆಯೇ. ಟೆಕ್ಸ್ಚರ್ ಪೇಂಟ್ ಮಾತ್ರ ಬೇಡ, ಅದರ ಗೀರುಗಳಲ್ಲಿ ದೂಳೂ ತೇವವೂ ಕೂರುತ್ತವೆ.

ಹಳೆಯ ಪಾಚಿಯ ಮೇಲೆಯೇ ಹೊಸ ಬಣ್ಣ ಬಳಿದರೆ ಈ ಲೆಕ್ಕಾಚಾರವೆಲ್ಲ ದಂಡ. ಬ್ಲೀಚಿಂಗ್ ಪೌಡರ್ ನೀರು ಹಾಕಿ ಉಜ್ಜಿಸಿ, ಚೆನ್ನಾಗಿ ತೊಳೆಸಿ, ಬಿರುಕು ಮುಚ್ಚಿಸಿ, ಒಣಗಿದ ಮೇಲೆ ಪ್ರೈಮರ್ ಕೊಡಿಸಿ. ದೀಪಾವಳಿಗೆ ಮನೆ ಹೊಳೆಯಬೇಕೆಂಬ ಆಸೆ ಎಲ್ಲರದ್ದೂ. ಆದರೆ ಆಗಿನ್ನೂ ಗೋಡೆಯೊಳಗೆ ಮಳೆಯ ತೇವ ಉಳಿದಿರುತ್ತದೆ, ಸಂಜೆಯ ಗುಡುಗು ಮಳೆಯೂ ನಿಂತಿರುವುದಿಲ್ಲ. ಜನವರಿ, ಫೆಬ್ರವರಿಗೆ ಪೇಂಟರನ್ನು ಈಗಲೇ ಗೊತ್ತುಮಾಡಿಕೊಳ್ಳಿ.